ಬೆರಳಿಗೆ ತಣ್ಣಗಾಗುತ್ತೆ

ಬೆನ್ನ ಹಿಂದೆ ನನ್ನನ್ನು ‘ಸಾರನ್ನದ ಕಮಲಾಕ್ಷಮ್ಮ’ ಅನ್ನುತ್ತಾರೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಎದುರಿಗೆ ಸಿಕ್ಕಾಗ ‘ಬನ್ನಿ ಅಮ್ಮ, ಕೂತ್ಕೊಳ್ಳಿ ಅಮ್ಮ’ ಎಂದು ಕುರ್ಚಿ ಒರೆಸಿ ಕೊಡುವವರೇ, ನಾನು ಬೀದಿಯ ತಿರುವು ದಾಟುವ ಹೊತ್ತಿಗೆ ‘ಹೋಯ್ತು ನೋಡು ಸಾರನ್ನ’ ಅನ್ನುತ್ತಿದ್ದರು. ಕೇಳಿಸಿದರೂ ಕೇಳಿಸದವಳ ಹಾಗೆ ಹೋಗುತ್ತಿದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ಛತ್ರದ ಪೆಟ್ಟಿಗೆಗೆ ಕೈ ಹಾಕಿದಾಗ ಬಂದ ಜೋಡಿಯನ್ನು ನಾನು ಎಂದೂ ಬಿಟ್ಟವಳಲ್ಲ.

ನಮ್ಮೂರಲ್ಲಿ ಒಂದು ಮನೆಗಾಗುವಷ್ಟು ಅಕ್ಕಿ ಬೇಯುತ್ತದೆ, ಒಂದು ಮದುವೆಗಾಗುವಷ್ಟು ಬೇಯುವುದಿಲ್ಲ. ಎಷ್ಟು ಸೌದೆ ಒಟ್ಟಿದರೂ ನೀರು ಕುದಿಯುತ್ತಿರುತ್ತದೆ, ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ. ಮನೆಮನೆಯಲ್ಲಿ ಬೇಯಿಸಿ ಬುಟ್ಟಿಯಲ್ಲಿ ಹೊತ್ತು ತಂದವರೂ ಇದ್ದಾರೆ. ಛತ್ರದ ಹೊಸ್ತಿಲು ದಾಟುತ್ತಲೇ ಬುಟ್ಟಿಯಲ್ಲಿ ಹಸಿ ಅಕ್ಕಿ ಗಲಗಲ ಅಂತಿತ್ತಂತೆ. ಹಾಗಾಗಿ ಮದುವೆ ಊಟ ಅಂದರೆ ನಮಗೆ ಪೆಟ್ಟಿಗೆಯದೇ ಊಟ. ಛತ್ರದ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಎದೆಯೆತ್ತರದ ತಗಡಿನ ಪೆಟ್ಟಿಗೆ. ಮೇಲೆ ಗಾಜಿನ ಪರದೆ, ಕೆಳಗೆ ಐದು ಗುಂಡಿ. ಮದುವೆ ಮನೆಯವರು ಕೊಟ್ಟ ಒಂದು ಹಿಡಿ ಅಕ್ಕಿಯನ್ನು ಅದರ ಬಾಯಿಗೆ ಸುರಿದರೆ ಪರದೆಯ ಮೇಲೆ ಐದು ಇಸ್ಪೀಟೆಲೆ ಬೀಳುತ್ತವೆ. ಬೇಡವಾದ ಎಲೆಯ ಕೆಳಗಿನ ಗುಂಡಿ ಒತ್ತಿದರೆ ಅದು ಹೋಗಿ ಬೇರೆ ಎಲೆ ಬರುತ್ತದೆ. ಎಷ್ಟು ಎಲೆ ಬೇಕಾದರೂ ಬಿಡಬಹುದು, ಆದರೆ ಹಾಗೆ ಬದಲಿಸುವುದು ಒಂದೇ ಸಲ.

ಯಾವ ಎಲೆಗೆ ಯಾವ ಊಟ ಎಂಬುದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ. ಗುಲಾಮ, ರಾಣಿ, ರಾಜ, ಎಕ್ಕ ಇವುಗಳಲ್ಲಿ ಯಾವುದಾದರೂ ಎರಡು ಜೊತೆಯಾದರೆ ಅನ್ನ ಸಾರು. ಎರಡು ಜೋಡಿ ಬಿದ್ದರೆ ಪಲ್ಯ ಮಜ್ಜಿಗೆಯೂ ಉಂಟು. ಮೂರು ಒಂದೇ ಥರದ್ದು ಬಂದರೆ ಪಾಯಸ. ಐದೂ ಒಂದೇ ಬಣ್ಣದ್ದಾದರೆ, ಅಂದರೆ ಐದೂ ಇಸ್ಪೀಟೋ ಐದೂ ಆಟೀನೋ ಆದರೆ, ಹೋಳಿಗೆ. ಎಲ್ಲಕ್ಕಿಂತ ಮೇಲೆ, ಹತ್ತರಿಂದ ಎಕ್ಕದವರೆಗೆ ಐದೂ ಒಂದೇ ಬಣ್ಣದಲ್ಲಿ ಬಿದ್ದರೆ ‘ರಾಜಭೋಜನ’ ಎಂದಷ್ಟೇ ಬರೆದಿತ್ತು. ಅದರಲ್ಲಿ ಏನೇನಿರುತ್ತದೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏನೂ ಕೂಡಿಬರದಿದ್ದರೆ ಅಡುಗೆಮನೆಯ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ಉಂಡವರು ಮಾತ್ರ ಅಕ್ಷತೆ ಹಾಕಬಹುದು. ಆದ್ದರಿಂದ ಬಾಗಿಲು ತೆರೆಯದಿದ್ದರೆ ಮದುವೆ ಆ ವರ್ಷಕ್ಕೆ ಮುಗಿಯಿತು ಅಂತಲೇ. ಒಂದು ಮನೆಗೆ ವರ್ಷಕ್ಕೆ ಒಂದೇ ಆಟ.

ಹೆತ್ತವರು ಕೈ ಹಾಕುವ ಹಾಗಿಲ್ಲ. ಅವರ ಕೈ ನಡುಗುತ್ತದೆ. ಅದಕ್ಕೇ ನನ್ನಂಥ ಕೆಲವರನ್ನು ಕರೆಯುತ್ತಾರೆ. ಜನ ಪಂಕ್ತಿಯಲ್ಲಿ ಕೂತು, ಬಾಳೆಲೆಗೆ ನೀರು ಚಿಮುಕಿಸಿಕೊಂಡು, ನಮ್ಮ ಬೆನ್ನನ್ನೇ ನೋಡುತ್ತಿರುತ್ತಾರೆ. ಜೋಡಿ ಮುರಿದು ದೊಡ್ಡದಕ್ಕೆ ಕೈಚಾಚುವ ಧೈರ್ಯವಂತರು ಬೇಕಾದಷ್ಟು ಮಂದಿ ಇದ್ದರು. ನೂರಾರು ಮದುವೆ ಒಟ್ಟುಹಾಕಿ ನೋಡಿದರೆ ಕೆಲವು ಸಲ ಮುರಿಯುವುದೇ ಲಾಭ ಎಂದು ನನಗೂ ಗೊತ್ತಿತ್ತು. ಆದರೆ ಮದುಮಗಳಿಗೆ ಇರುವುದು ಒಂದು ಮದುವೆ. ಅವಳ ಮುಂದೆ ನಿಂತು ನೂರರ ಮಾತು ಆಡುವುದು ನನ್ನಿಂದಾಗುತ್ತಿರಲಿಲ್ಲ. ಸಾರನ್ನವೇ ಸಾಕು, ಅಕ್ಷತೆ ಬೀಳಲಿ ಅನ್ನುವವಳು ನಾನು.

ನನ್ನ ತಂಗಿ ಇಂದುಮತಿಯ ಮಗಳು ವನಜಳ ಮದುವೆಯ ದಿನದವರೆಗೆ ಹಾಗಿತ್ತು.

ಅವತ್ತು ಗಂಡಿನ ಸೋದರತ್ತೆ ಅಂಬುಜಮ್ಮ ಮೊದಲ ಪಂಕ್ತಿಯಲ್ಲಿ, ಪೆಟ್ಟಿಗೆಗೆ ಹತ್ತಿರವಾಗಿಯೇ ಕೂತಿದ್ದರು. ಒಳ್ಳೆ ದೊಡ್ಡ ಧ್ವನಿಯ ಹೆಂಗಸು. ನಾನು ಅಕ್ಕಿ ಹಿಡಿದು ನಿಲ್ಲುತ್ತಿದ್ದಂತೆ ಬಾಳೆಲೆ ಹಾಕುವವನಿಗೆ ಹೇಳಿದರು, “ಸಿಹಿಗೆ ಅಂತ ಜಾಗ ಬಿಡ್ಬೇಡಪ್ಪ, ಅಲ್ಲೂ ಸಾರೇ ಹಾಕ್ಸು. ಕೈ ಹಾಕೋರು ಯಾರು ಅಂತ ವಿಚಾರಿಸ್ಕೊಂಡೇ ಬಂದಿದೀವಿ ನಾವು.”

ಪಂಕ್ತಿ ನಕ್ಕಿತು. ಅಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ತಿರುಗಿ ನೋಡಿದರೆ ನನ್ನ ತಂಗಿಯೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನನ್ನ ಮೈ ಉರಿದುಹೋಯಿತು.

ಅಕ್ಕಿ ಸುರಿದೆ. ಆಟೀನಿನ ಹತ್ತು, ಗುಲಾಮ, ರಾಣಿ, ರಾಜ ಬಿದ್ದವು. ಕೊನೆಗೆ ಕಳಾವರ್ ರಾಜ. ರಾಜನ ಜೋಡಿ ಕೂತಿತ್ತು, ಸಾರನ್ನ ಖಂಡಿತ. ಕಳಾವರ್ ರಾಜನನ್ನು ಬಿಟ್ಟರೆ ಆಟೀನಿನ ಎಕ್ಕ ಬಂದರೂ ಬರಬಹುದು, ಬೇರೆ ಏನಾದರೂ ಸಣ್ಣಪುಟ್ಟದು ಕೂಡಿದರೂ ಕೂಡಬಹುದು. ಅರ್ಧಕ್ಕರ್ಧ ಏನೂ ಬಾರದೆ ಬಾಗಿಲು ಮುಚ್ಚಿಯೇ ಇರಬಹುದು. ವನಜ ಮಂಟಪದ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹಿಂದಿನ ದಿನ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು “ದೊಡ್ಡಮ್ಮ, ನೀನು ಕೈ ಹಾಕ್ತಿದೀಯಲ್ಲ, ನಂಗೇನೂ ಭಯ ಇಲ್ಲ” ಅಂದಿದ್ದಳು. ಆ ಮಾತು ನನಗೆ ಆ ಕ್ಷಣದಲ್ಲೂ ನೆನಪಿತ್ತು. ಮರೆತಿದ್ದೆ ಎಂದು ಹೇಳುವ ಹಾಗಿಲ್ಲ. ನೆನಪಿದ್ದೂ ಕಳಾವರ್ ರಾಜನ ಗುಂಡಿ ಒತ್ತಿದೆ.

ಆಟೀನಿನ ಎಕ್ಕ ಬಂತು.

ಅಡುಗೆಮನೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗಿದ್ದ ಹಂಡೆ ಕೊಳಗಗಳನ್ನು ಹೊರಗೆ ತರಲು ಊರ ಗಂಡಸರೆಲ್ಲ ಸಾಲದಾದರು. ಹೆಸರೇ ಗೊತ್ತಿಲ್ಲದ ಸಿಹಿಗಳು, ಬೆರಳು ತಾಕಿದರೆ ಬಿಡಿಯಾಗುವ ಹೋಳಿಗೆ, ಬೆಳ್ಳಗಿನ ಬೆಣ್ಣೆ. ಎಲೆಯ ತುದಿಗೆ ಚೂರು ಉಪ್ಪಿನಕಾಯಿ ಬಡಿಸಿದರು. ಅದು ಪ್ರತಿಯೊಬ್ಬರ ಬಾಯಲ್ಲೂ ಅವರವರ ತಾಯಿ ಹಾಕುತ್ತಿದ್ದ ಉಪ್ಪಿನಕಾಯಿಯಾಗಿತ್ತು. ಅಂಬುಜಮ್ಮ ಅದನ್ನು ನಾಲಿಗೆಗೆ ತಾಗಿಸಿದವರು ಎಲೆಯ ಮುಂದೆಯೇ ಅತ್ತುಬಿಟ್ಟರು. ಆಮೇಲೆ ಕೈ ತೊಳೆದು ನೇರ ನನ್ನ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ತಪ್ಪು ಮಾತಾಡ್ಬಿಟ್ಟೆ ನಾನು. ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?”

ಇಲ್ಲ, ನಿಮ್ಮ ಮೇಲಿನ ಸಿಟ್ಟಿಗೆ ಒತ್ತಿದ್ದು ಅನ್ನಬೇಕಿತ್ತು. ಸುತ್ತ ಜನ ನಿಂತಿದ್ದರು. ನನ್ನ ತಂಗಿಯೂ ಇದ್ದಳು, ಸೆರಗು ಈಗ ಅವಳ ಕಣ್ಣಿನ ಮೇಲಿತ್ತು. ನಾನು ಸಣ್ಣಗೆ ನಕ್ಕು, “ಗೊತ್ತಾಗುತ್ತೆ” ಅಂದೆ.

ಅಲ್ಲಿಂದ ನನ್ನ ನಡಿಗೆಯೇ ಬೇರೆಯಾಯಿತು. ಬೀದಿಯ ತಿರುವು ದಾಟಿದ ಮೇಲೂ ಹಿಂದಿನಿಂದ ‘ಕಮಲಾಕ್ಷಮ್ಮನವರು’ ಎಂದೇ ಕೇಳಿಸುತ್ತಿತ್ತು. ದೂರದ ಬೀದಿಯವರೂ ಮಗಳ ಜಾತಕ ತೋರಿಸುವವರ ಹಾಗೆ ಬಂದು ನನ್ನ ಜಗಲಿಯಲ್ಲಿ ಕೂರುತ್ತಿದ್ದರು. ಹಿತವಾಗಿತ್ತು. ಅಷ್ಟು ವರ್ಷ ನಾನು ಉಣಿಸಿದ ಸಾರನ್ನಕ್ಕೆ ಯಾರೂ ಒಂದು ದಿನ ಜಗಲಿಗೆ ಬಂದು ಕೂತಿರಲಿಲ್ಲ.

ಹಾಗೆ ಬಂದವರಲ್ಲಿ ರಂಗಸ್ವಾಮಿಯೂ ಒಬ್ಬ. ಸೈಕಲ್ ರಿಪೇರಿ ಅಂಗಡಿಯವನು, ನಲವತ್ತು ದಾಟಿದವನು. ಎಲೆ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ನಾನು. ನನ್ನ ಹಾಗೆಯೇ ಜೋಡಿ ಬಿಡದವನು, ನನ್ನ ಹಾಗೆಯೇ ನಗೆಪಾಟಲಾಗುವವನು. ಅವನ ಅಣ್ಣನ ಮಗಳು ಮಂಜರಿಯ ಮದುವೆ ಮಾಘದಲ್ಲಿ ಗೊತ್ತಾಗಿತ್ತು. ಕೈ ಹಾಕಬೇಕಾದವನು ಅವನೇ. ಅವನ ತಾಯಿ, ಮಂಜರಿಯ ಅಜ್ಜಿ, ಹಾಸಿಗೆ ಹಿಡಿದಿದ್ದರು. ಮೊಮ್ಮಗಳ ಮೇಲೆ ನಾಲ್ಕು ಅಕ್ಷತೆ ಕಾಳು ಹಾಕಿಬಿಡುತ್ತೇನೆ ಎಂದು ಜೀವ ಹಿಡಿದುಕೊಂಡಿದ್ದರು.

“ಅಮ್ಮ, ಒಂದು ಮಾತು ಕೇಳ್ಲಾ?” ಅಂದ ರಂಗಸ್ವಾಮಿ. ಗ್ರೀಸ್ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. “ಜೋಡಿ ಬಿಡಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು. ನೀವೇ ಬಿಟ್ರಿ, ಬಂತು. ಬಿಡಬೇಕು ಅಂತ ಹೆಂಗೆ ಗೊತ್ತಾಗುತ್ತಮ್ಮ?”

ಜಗಲಿಯಲ್ಲಿ ಇನ್ನಿಬ್ಬರು ಹೆಂಗಸರು ಕೂತಿದ್ದರು, ಕಾಫಿ ಲೋಟ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಅನ್ನಲು ನನಗೆ ನಾಲಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ಬಿಡಬೇಕಾದ ಎಲೆಯ ಗುಂಡಿ ಮುಟ್ಟಿದ್ರೆ ಬೆರಳಿಗೆ ತಣ್ಣಗಾಗುತ್ತೆ ಕಣಪ್ಪ.”

ಅವನು ತಲೆ ತೂಗಿದ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳಿದ ಮೇಲೆ ನನಗೇ ಅದು ನಿಜವಿರಬಹುದೇನೋ ಅನ್ನಿಸಿತು. ಅವತ್ತು ತಣ್ಣಗಾಗಿತ್ತು ಅಂತಲೇ ನೆನಪು ಮಾಡಿಕೊಂಡೆ. ಇಂಥ ಮೂರ್ಖತನಕ್ಕೆ ನನ್ನ ವಯಸ್ಸಿನವಳು ಏನು ಹೇಳಬೇಕು.

ಮಂಜರಿಯ ಮದುವೆಯ ಬೆಳಿಗ್ಗೆ ಚಳಿ ಅಂದರೆ ಚಳಿ. ಮಂಜು ಛತ್ರದ ಒಳಗೂ ನುಗ್ಗಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದು, ಕಂಬಳಿ ಹೊದಿಸಿ, ಮುಂದೊಂದು ಮೇಜು ಹಾಕಿ ಚಿಕ್ಕ ಎಲೆ ಇಟ್ಟಿದ್ದರು. “ಒಂದು ತುತ್ತು ಉಂಡ್ರೆ ಸಾಕಲ್ಲೇನೋ ರಂಗ, ಅಕ್ಷತೆ ಹಾಕೋಕೆ?” ಎಂದು ಅವರು ಮಗನನ್ನು ಕೇಳಿದ್ದು ನನಗೆ ಕೇಳಿಸಿತು. “ಸಾಕವ್ವ” ಎಂದು ಅವನು ಪೆಟ್ಟಿಗೆಯ ಹತ್ತಿರ ಬಂದ. ನಾನು ಎರಡನೇ ಪಂಕ್ತಿಯ ಮೊದಲ ಎಲೆಯಲ್ಲಿದ್ದೆ. ಗೌರವದ ಜಾಗ ಅಂತ ಅಲ್ಲಿ ಕೂರಿಸಿದ್ದರು.

ರಾಣಿಯ ಜೋಡಿ ಬಿತ್ತು. ಒಂದು ಇಸ್ಪೀಟ್ ರಾಣಿ, ಒಂದು ಡೈಮನ್ ರಾಣಿ. ಉಳಿದ ಮೂರೂ ಇಸ್ಪೀಟಿನ ಸಣ್ಣ ಎಲೆಗಳು. ಡೈಮನ್ ರಾಣಿಯನ್ನು ಬಿಟ್ಟು ಇನ್ನೊಂದು ಇಸ್ಪೀಟು ಬಂದರೆ ಹೋಳಿಗೆ, ಬರದಿದ್ದರೆ ಬಹುಪಾಲು ಏನೂ ಇಲ್ಲ. ಇಂಥ ಕೈಯಲ್ಲಿ ಯೋಚನೆ ಮಾಡುವುದಕ್ಕೇ ಏನಿದೆ? ಜೋಡಿ ಇಟ್ಟುಕೊಂಡು ಮಿಕ್ಕಿದ್ದು ಬಿಡಬೇಕು. ರಂಗಸ್ವಾಮಿ ಇದನ್ನು ನಿದ್ದೆಯಲ್ಲೂ ಬಲ್ಲ.

ಅವನು ಡೈಮನ್ ರಾಣಿಯ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡು ನಿಂತ. ಆಮೇಲೆ ನನ್ನ ಕಡೆ ತಿರುಗಿ ನೋಡಿದ, ಅವನ ಮುಖ ಅರಳಿತ್ತು. ಮಾಘದ ಬೆಳಗು, ತಗಡಿನ ಪೆಟ್ಟಿಗೆ. ಐದು ಗುಂಡಿಯಲ್ಲಿ ಯಾವುದನ್ನು ಮುಟ್ಟಿದರೂ ತಣ್ಣಗೇ ಇರುತ್ತಿತ್ತು. ನಾನು ಎದ್ದು ನಿಂತು ‘ಬೇಡ ಕಣೋ’ ಅನ್ನಬಹುದಿತ್ತು. ಎದ್ದರೆ ಎಲ್ಲರೂ ನೋಡುತ್ತಿದ್ದರು, ಯಾಕೆ ಎಂದು ಕೇಳುತ್ತಿದ್ದರು. ನಾನು ಏಳಲಿಲ್ಲ. ಎಲೆಯ ಮೇಲಿನ ನೀರನ್ನು ಒರೆಸುತ್ತಾ ಕೂತೆ.

ಡೈಮನ್ ಎರಡು ಬಂತು.

ಬಾಗಿಲು ತೆರೆಯಲಿಲ್ಲ. ಯಾರೂ ಬೈಯಲಿಲ್ಲ, ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಜನ ತಮ್ಮ ತಮ್ಮ ಖಾಲಿ ಎಲೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಅಜ್ಜಿಗೆ ಏನಾಯಿತೆಂದು ಗೊತ್ತಾಗಲಿಲ್ಲ. ಚಿಕ್ಕ ಎಲೆಯ ಅಂಚನ್ನು ಬೆರಳಲ್ಲಿ ಸವರುತ್ತಾ “ಬಡಿಸ್ತಾರೇನೇ?” ಎಂದು ಮಂಜರಿಯನ್ನು ಕೇಳುತ್ತಿದ್ದರು. ಹುಡುಗ ಒಳ್ಳೆಯವನು, ಮುಂದಿನ ವರ್ಷದವರೆಗೆ ಕಾಯುತ್ತೇನೆ ಎಂದ. ಅಜ್ಜಿಗೆ ಕಾಯಲು ಆಗಲಿಲ್ಲ. ಯುಗಾದಿಗೆ ಮೊದಲೇ ಹೋಗಿಬಿಟ್ಟರು.

ಮದುವೆ ನಿಂತ ಮಾರನೆಯ ದಿನವೇ ನಾನು ರಂಗಸ್ವಾಮಿಯ ಅಂಗಡಿಗೆ ಹೋಗಿದ್ದೆ. ಅವನು ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ.

“ರಂಗಸ್ವಾಮಿ, ಬೆರಳಿಗೆ ತಣ್ಣಗಾಗುತ್ತೆ ಅಂದಿದ್ದು ಸುಳ್ಳು ಕಣಪ್ಪ. ನನಗೇನೂ ಗೊತ್ತಾಗಿರಲಿಲ್ಲ. ಆ ಅಂಬುಜಮ್ಮ ಆಡ್ಕೊಂಡ್ಳು ಅಂತ ಸಿಟ್ಟಲ್ಲಿ ಒತ್ತಿದ್ದು.”

ಅವನು ಕತ್ತೆತ್ತಲಿಲ್ಲ. “ನೀವು ದೊಡ್ಡವರು, ನನ್ನ ಮನಸ್ಸಿಗೆ ಬೇಜಾರಾಗಬಾರ್ದು ಅಂತ ಹಂಗಂತೀರಿ. ತಣ್ಣಗಾಗಿದ್ದು ಯಾವ್ದು, ಚಳಿ ಯಾವ್ದು ಅಂತ ನನಗೆ ತಿಳೀಲಿಲ್ಲ. ನನ್ನ ಬೆರಳು ದಪ್ಪ, ಅಷ್ಟೇ. ಸೈಕಲ್ ಮಾಡೋ ಬೆರಳು.”

“ನಿಜ ಹೇಳ್ತಿದೀನಿ ಕಣೋ.”

“ಹೋಗ್ಲಿ ಬಿಡಿ ಅಮ್ಮ.” ನೀರಲ್ಲಿ ಗುಳ್ಳೆ ಬಂದ ಜಾಗವನ್ನು ಒತ್ತಿ ಹಿಡಿದ.

ಜಗಲಿಗೆ ಬಂದವರಿಗೂ ಹೇಳಿದೆ. ತಂಗಿಗೂ ಹೇಳಿದೆ. ಇಂದುಮತಿ ನನ್ನ ಗಲ್ಲ ಸವರಿ “ಅಕ್ಕ, ನಿನಗೆ ಸ್ವಲ್ಪವಾದ್ರೂ ಜಂಬ ಬೇಡ್ವೇನೇ?” ಅಂದಳು. ಎಷ್ಟು ವಿನಯ, ಎಷ್ಟು ವಿನಯ ಎಂದು ಊರೆಲ್ಲ ಅದನ್ನೇ ಆಡಿಕೊಂಡಿತು. ಹೇಳಿದಷ್ಟೂ ನನ್ನ ಹೆಸರು ದೊಡ್ಡದಾಯಿತು. ಆಮೇಲೆ ಹೇಳುವುದನ್ನು ಬಿಟ್ಟೆ. ಕೈ ಹಾಕಲು ಕರೆದವರಿಗೆ ಮಂಡಿ ನೋವು ಎಂದೆ. ಬೀದಿಯಲ್ಲಿ ‘ಕಮಲಾಕ್ಷಮ್ಮನವರು’ ಎಂದು ಕೇಳಿಸಿದಾಗಲೆಲ್ಲ ಯಾರೋ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ರಂಗಸ್ವಾಮಿಯೂ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ತನ್ನ ಬೆರಳು ಕೆಟ್ಟದ್ದು ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದನಂತೆ.

ವರ್ಷ ತಿರುಗಿ ಮಂಜರಿಯ ಮದುವೆ ಮತ್ತೆ ಬಂತು. ಅವಳ ಅಪ್ಪ ನನ್ನ ಮನೆಗೆ ಬಂದು ಹಿಡಿ ಅಕ್ಕಿಯ ಪೊಟ್ಟಣವನ್ನು ನನ್ನ ಮುಂದಿಟ್ಟರು. “ಮಂಡಿ ನೋವು ಅನ್ಬೇಡಿ. ಕುರ್ಚಿ ಹಾಕಿಸ್ತೀನಿ. ಈ ಸಲ ನಿಮ್ಮ ಬೆರಳೇ ಆಗಬೇಕು.” ಹಿಂದೆ ಮಂಜರಿ ನಿಂತಿದ್ದಳು. ಅವಳು ಏನೂ ಕೇಳಲಿಲ್ಲ, ಪೊಟ್ಟಣವನ್ನೇ ನೋಡುತ್ತಿದ್ದಳು. ಒಲ್ಲೆ ಅನ್ನುವ ಮುಖ ನನಗಿರಲಿಲ್ಲ.

ಆ ದಿನ ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರೆಯದವರೂ ಬಂದಿದ್ದರು. ರಾಜಭೋಜನದ ಉಪ್ಪಿನಕಾಯಿಗೆಂದು ಅಂಬುಜಮ್ಮ ಸಹ ಪರಸ್ಥಳದಿಂದ ಬಂದು ಮೊದಲ ಪಂಕ್ತಿಯಲ್ಲಿ ಕೂತಿದ್ದರು. ರಂಗಸ್ವಾಮಿ ಕೊನೆಯ ಪಂಕ್ತಿಯ ಕೊನೆಯ ಎಲೆಯಲ್ಲಿ, ಕಂಬದ ಮರೆಗೆ ಕೂತಿದ್ದ. ನಾನು ಅಕ್ಕಿ ಸುರಿದೆ.

ಇಸ್ಪೀಟ್ ಎಕ್ಕ. ಇಸ್ಪೀಟ್ ರಾಜ. ಇಸ್ಪೀಟ್ ರಾಣಿ. ಇಸ್ಪೀಟ್ ಗುಲಾಮ. ಡೈಮನ್ ರಾಜ.

ಹಿಂದೆ ಇಡೀ ಛತ್ರ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮತ್ತೆ ರಾಜನ ಜೋಡಿ, ಮತ್ತೆ ಒಂದೇ ಎಲೆ ಕಮ್ಮಿ. ಯಾರೋ ಮೆಲ್ಲಗೆ “ಬಿಡಿ, ಬಿಡಿ” ಅಂದರು. ನನಗೂ ಬಿಡಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಆ ಹೊಗಳಿಕೆ ಇನ್ನೊಮ್ಮೆ ಬೇಕು ಎಂದು ಆಗಲೂ ಒಂದು ಕ್ಷಣ ಅನ್ನಿಸಿತು. ಗುಂಡಿಗಳನ್ನು ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗಿದ್ದವು. ಇಬ್ಬರು ರಾಜರನ್ನು ಇಟ್ಟುಕೊಂಡು ಎಕ್ಕ, ರಾಣಿ, ಗುಲಾಮ ಮೂರನ್ನೂ ಬಿಟ್ಟೆ.

ಹೊಸ ಎಲೆಗಳು ಒಂದರ ಹಿಂದೆ ಒಂದು ಬಂದವು. ಮೊದಲು ಬಂದದ್ದು ಇಸ್ಪೀಟ್ ಹತ್ತು. ಡೈಮನ್ ರಾಜನೊಬ್ಬನನ್ನೇ ಬಿಟ್ಟಿದ್ದರೆ ಅವನ ಜಾಗಕ್ಕೆ ಬರುತ್ತಿದ್ದುದು ಅದೇ ಎಲೆ. ನಮ್ಮೂರಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಯ್ಯೋ ಎಂಬ ಒಂದೇ ಸದ್ದು ಛತ್ರದ ಈ ತುದಿಯಿಂದ ಆ ತುದಿಗೆ ಹೋಯಿತು. ಅಡುಗೆಮನೆಯ ಬಾಗಿಲು ತೆರೆಯಿತು. ಒಂದು ಹಂಡೆ ಅನ್ನ, ಒಂದು ಕೊಳಗ ಸಾರು.

“ಬೆರಳಿಗೆ ತಣ್ಣಗಾಗಲಿಲ್ವೇನ್ರೀ?” ಅಂಬುಜಮ್ಮನವರ ದೊಡ್ಡ ಧ್ವನಿ.

“ಯಾವತ್ತೂ ಆಗಿರಲಿಲ್ಲ” ಅಂದೆ. “ಆ ಎಕ್ಕಾನೂ ಗೊತ್ತಿರಲಿಲ್ಲ, ಈ ಹತ್ತೂ ಗೊತ್ತಿರಲಿಲ್ಲ. ತಣ್ಣಗಾಗುತ್ತೆ ಅಂತ ನಾನೇ ಕಟ್ಟಿ ಹೇಳಿದ್ದು.”

ಈ ಸಲ ಯಾರೂ ವಿನಯ ಅನ್ನಲಿಲ್ಲ. ಹತ್ತು ಎಲ್ಲರ ಕಣ್ಣ ಮುಂದೆಯೇ ಪರದೆಯ ಮೇಲಿತ್ತು. ಅಂಬುಜಮ್ಮ ಮುಖ ತಿರುಗಿಸಿ ಎಲೆ ನೋಡಿಕೊಂಡರು. ಎಲ್ಲೋ ಒಬ್ಬರು “ಸಾರನ್ನ” ಎಂದರು, ನನಗೆ ಕೇಳಿಸಲಿ ಎಂದೇ ಅಂದರು. ಇಂದುಮತಿ ತಲೆ ಬಗ್ಗಿಸಿದಳು. ಮಂಟಪದಲ್ಲಿ ಮಂಜರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಅವಳ ಮದುವೆ ಆಗುತ್ತಿತ್ತು.

ಕೈ ಹಾಕಿದವರೇ ಮೊದಲ ಸಲ ಸಾರು ಬಡಿಸಬೇಕು, ಅದು ಪದ್ಧತಿ. ಸೌಟು ಹಿಡಿದು ಸಾಲು ಸಾಲಾಗಿ ಬಡಿಸುತ್ತಾ ಹೋದೆ. ಯಾರ ಮುಖವನ್ನೂ ನೋಡಲಿಲ್ಲ, ಎಲೆಗಳನ್ನಷ್ಟೇ ನೋಡಿದೆ. ಕೊನೆಯ ಎಲೆಯ ಮುಂದೆ ಬಂದಾಗ ಅನ್ನದ ಮೇಲೆ ಒಂದು ಕೈ ಅಡ್ಡ ಇತ್ತು. ಉಗುರ ಸಂದಿಯಲ್ಲಿ ಗ್ರೀಸ್.

“ಹಂಗಾದ್ರೆ ಅವತ್ತು ನನಗ್ಯಾಕಮ್ಮ ಹಂಗಂದ್ರಿ?” ರಂಗಸ್ವಾಮಿ ಕೇಳಿದ. ಜೋರಾಗಿ ಕೇಳಲಿಲ್ಲ.

“ಎಲ್ಲ ಹೊಗಳ್ತಿದ್ರು” ಅಂದೆ. “ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು.”

ಪಕ್ಕದಲ್ಲಿ ಕೂತವರು ಕಲಸಿದ ಅನ್ನವನ್ನು ಬಾಯಿಗಿಡದೆ ಕಾಯುತ್ತಿದ್ದರು.

“ಅವ್ವ ಇಷ್ಟಕ್ಕೇ ಕಾದಿದ್ಲು” ಅಂದ. “ಈ ಒಂದು ತುತ್ತಿಗೆ.”

ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಅವನು ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಕೈಯನ್ನು ಅನ್ನದ ಮೇಲಿಂದ ತೆಗೆದ.

“ಹಾಕಿ” ಅಂದ. “ಅಕ್ಷತೆಗೆ ಹೊತ್ತಾಗುತ್ತೆ.”

ಹಾಕಿದೆ. ಸಾರು ಎಲೆಯ ಅಂಚಿಗೆ ಹರಿಯಿತು. ರಂಗಸ್ವಾಮಿ ಒಂದಿಷ್ಟು ಅನ್ನವನ್ನು ಬೆರಳಿಂದ ಎಳೆದು, ಹೊರಗೆ ಚೆಲ್ಲದ ಹಾಗೆ ಕಟ್ಟೆ ಕಟ್ಟಿದ.